ಮೈನಸ್ ವೈರಿನ ಜಾಡು

“ವೈರೆಲ್ಲಾ ಹೊಸಾವು ಹಾಕಿಸೇವ್ರಿ, ಬ್ಯಾಟ್ರಿನೂ ಹೊಸಾದು ತಂದೇವಿ. ಆದ್ರ ಮೀಟರ್ ಕೈ ಕೊಟ್ಟೈತಿ ನೋಡ್ರಿ.” ಮಲಪ್ರಭೆಯ ದಂಡೆಗುಂಟ ಹೊಲದ ಮನೆಗಳಲ್ಲಿ ಸೋಲಾರ್ ಹಾಕಿಸಿಕೊಂಡವರಿಂದ ಈ ಮಾತು ಕೇಳಿಬರುತ್ತದೆ. ಹಿಂದಿನ ದಿನದವರೆಗೂ ಸರಿಯಾಗಿ ಓಡುತ್ತಿದ್ದ ಬ್ಯಾಟರಿ ಮೀಟರ್, ಹೊಸ ವೈರು ಬಿಗಿದ ಸಂಜೆಯಿಂದ ಒಂದೋ ಕಪ್ಪಾಗಿ ಕೂರುತ್ತದೆ, ಇಲ್ಲವೇ ಸೊನ್ನೆಯಲ್ಲೇ ನಿಲ್ಲುತ್ತದೆ, ಇಲ್ಲವೇ ಹಗಲೂ ರಾತ್ರಿ 100 ಪರ್ಸೆಂಟ್ ಎನ್ನುತ್ತಿರುತ್ತದೆ. ಮೀಟರ್ ಸುಟ್ಟಿದೆಯೆಂದು ಮನೆಯವರು ಹೊಸದಕ್ಕೆ ದುಡ್ಡು ಹೊಂದಿಸುತ್ತಾರೆ. ಹೊಸ ಮೀಟರೂ ಅದೇ ಸುಳ್ಳನ್ನು ಹೇಳತೊಡಗಿದಾಗ ಸೋಲಾರೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಆ ದುಡ್ಡು ಉಳಿಯಲಿ, ಆ ತೀರ್ಮಾನ ತಪ್ಪಲಿ ಎಂಬುದೇ ಈ ಲೇಖನದ ಉದ್ದೇಶ. ವೈರಿಂಗ್ ಬದಲಾದ ಮರುದಿನ ‘ಕೆಟ್ಟ’ ಮೀಟರ್ ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ಬ್ಯಾಟರಿಯ ಮೈನಸ್ ವೈರು ಹಾದುಹೋಗುವ ದಾರಿ ಬದಲಾಗಿರುತ್ತದೆ.

ಈ ಸೀಮೆಯಲ್ಲಿ, ಅಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸುತ್ತ, ಮನೆಗೊಂದು ಬ್ಯಾಟರಿ ಬಂದಿದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಹೆಸ್ಕಾಂ ವ್ಯಾಪ್ತಿಯ ಈ ತಾಲ್ಲೂಕುಗಳಲ್ಲೂ ನಿರಂತರ ಜ್ಯೋತಿ ಯೋಜನೆಯ ಉದ್ದೇಶ ಊರಿನ ಮನೆಗಳ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರ್ಪಡಿಸುವುದಾಗಿತ್ತು. ಅದರ ಲಾಭ ಸಿಕ್ಕಿದ್ದು ಊರೊಳಗಿನವರಿಗೆ. ಕಬ್ಬು, ಗೋವಿನಜೋಳ ನೋಡಿಕೊಳ್ಳಲು ಹೊಲದಲ್ಲೇ ಮನೆ ಕಟ್ಟಿಕೊಂಡವರು ಪಂಪ್‌ಸೆಟ್ ಲೈನಿಗೇ ಉಳಿದರು. ಅಲ್ಲಿ ತ್ರೀಫೇಸ್ ದಿನಕ್ಕೆ 7 ಗಂಟೆ, ಅದೂ ಪಾಳಿಯ ಮೇಲೆ. ಉಳಿದ ಹೊತ್ತು ಮಕ್ಕಳ ಓದಿಗೆ, ಫ್ಯಾನಿಗೆ, ಮೊಬೈಲಿಗೆ, ರಾತ್ರಿ ದನದ ಕೊಟ್ಟಿಗೆಯ ದೀಪಕ್ಕೆ ಬ್ಯಾಟರಿಯೇ ಗತಿ.

ಬ್ಯಾಟರಿ ಒಮ್ಮೆ ಬಂತೆಂದರೆ ವೈರಿಂಗ್ ಒಂದೇ ರೀತಿ ಉಳಿಯುವುದೂ ಇಲ್ಲ. ಮನೆಗೆ ಕೋಣೆ ಕೂಡುತ್ತದೆ, ಒಂದು ಪ್ಯಾನೆಲ್ ಇದ್ದಲ್ಲಿ ಮೂರಾಗುತ್ತವೆ, ಆ್ಯಸಿಡ್ ಬ್ಯಾಟರಿ ಹೋಗಿ ಲಿಥಿಯಂ ಬರುತ್ತದೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ಮುನವಳ್ಳಿ, ರಾಮದುರ್ಗದ ತಗ್ಗು ಓಣಿಗಳಿಗೆ ನುಗ್ಗಿದಾಗ ನೆಲದ ಮೇಲಿಟ್ಟ ಸಾಮಾನೆಲ್ಲ ಮುಳುಗಿತು. ಅಂಥ ನೀರು ಇಳಿದ ಮೇಲೆ ಬ್ಯಾಟರಿಯನ್ನು ಎತ್ತರದ ಕಟ್ಟೆಗೆ ಏರಿಸಿ ವೈರು ಉದ್ದ ಮಾಡಿಕೊಳ್ಳುವುದು ಜಾಣತನವೇ. ಆದರೆ ಇಂಥ ಪ್ರತಿಯೊಂದು ಬದಲಾವಣೆಯಲ್ಲೂ ಯಾರೋ ಒಬ್ಬರು ಬ್ಯಾಟರಿಯ ಬೋಲ್ಟು ಬಿಚ್ಚಿರುತ್ತಾರೆ. ಮೀಟರಿನ ತೊಂದರೆ ಹುಟ್ಟುವುದು ಆ ಬೋಲ್ಟನ್ನು ಮತ್ತೆ ಬಿಗಿಯುವ ಹೊತ್ತಿಗೆ.

ಕರ್ನಾಟಕದ ಹಳ್ಳಿಗಳು ಮೊದಲು ಕಂಡ ಬ್ಯಾಟರಿ ಮೀಟರ್ ನಿಜಕ್ಕೂ ಮೀಟರೇ ಆಗಿರಲಿಲ್ಲ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಕಟ್ಟಿದ ಕಾಲದಿಂದ ಮನೆಮನೆಗೆ ಬಂದ ಸೋಲಾರ್ ದೀಪಗಳ ಜೊತೆಗೊಂದು ಸಣ್ಣ ಡಬ್ಬಿ ಇರುತ್ತಿತ್ತು. ಅದರ ಮೇಲೆ ಹಸಿರು ದೀಪ ಉರಿದರೆ ಬ್ಯಾಟರಿ ತುಂಬಿದೆ, ಕೆಂಪು ಉರಿದರೆ ಮುಗಿಯಿತು. ಆ ಡಬ್ಬಿ ನೋಡುತ್ತಿದ್ದುದು ವೋಲ್ಟೇಜನ್ನು ಮಾತ್ರ. ಎರಡೇ ವೈರಿನ ಕೆಲಸ, ತಪ್ಪಲು ಅವಕಾಶ ಕಡಿಮೆ. ಲೆಡ್-ಆ್ಯಸಿಡ್ ಬ್ಯಾಟರಿಗೆ ಅದು ಒಂದು ಮಟ್ಟಿಗೆ ಸಾಕೂ ಆಗುತ್ತಿತ್ತು. ಕೆಲ ಗಂಟೆ ಸುಮ್ಮನೆ ಬಿಟ್ಟ 12 ವೋಲ್ಟಿನ ಬ್ಯಾಟರಿ 12.7 ತೋರಿಸಿದರೆ ತುಂಬಿದೆ, 12.2ಕ್ಕೆ ಬಂದರೆ ಅರ್ಧ, 11.8ಕ್ಕೆ ಇಳಿದರೆ ಬಹುತೇಕ ಖಾಲಿ.

ಈಗ ಬರುತ್ತಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ಲೆಕ್ಕ ಒಗ್ಗುವುದಿಲ್ಲ. ಮುಕ್ಕಾಲು ತುಂಬಿದ್ದಾಗಿನ ಮತ್ತು ಕಾಲುಭಾಗ ಉಳಿದಾಗಿನ ಅದರ ವೋಲ್ಟೇಜಿನ ಅಂತರ ಕಾಲು ವೋಲ್ಟಿನ ಆಸುಪಾಸು. ಅಷ್ಟು ಅಂತರವನ್ನು ಒಂದು ಫ್ಯಾನ್ ಚಾಲೂ ಮಾಡಿದರೂ ವೈರಿನ ತುದಿಯ ಒಂದು ಲಗ್ ಸಡಿಲವಾದರೂ ನುಂಗಿಬಿಡಬಹುದು. ಅದಕ್ಕೇ ಬೇರೆ ಜಾತಿಯ ಮೀಟರ್ ಬೇಕಾಯಿತು: ಬ್ಯಾಟರಿಯೊಳಗೆ ಎಷ್ಟಿದೆ ಎಂದು ಇಣುಕಿ ನೋಡುವ ಬದಲು, ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಎಣಿಸುತ್ತಾ ಕೂರುವ ಮೀಟರ್.

ನವಿಲುತೀರ್ಥವನ್ನೇ ತೆಗೆದುಕೊಳ್ಳಿ. ಅಲ್ಲಿ ನೀರು 2079.50 ಅಡಿ ಮುಟ್ಟಿದರೆ ಜಲಾಶಯ ತುಂಬಿತು, ಸುಮಾರು 37 ಟಿಎಂಸಿ. ಅಡಿ ಇಳಿದಂತೆ ಎಷ್ಟು ಉಳಿದಿದೆ ಎಂಬುದು ಗೊತ್ತಾಗುತ್ತದೆ. ನೀರಿನ ಮಟ್ಟವೇ ಕದಲದ ಒಂದು ಜಲಾಶಯವಿದ್ದರೆ? ಆಗ ಒಂದೇ ದಾರಿ. ನೀರು ಬರುವುದೂ ಹೋಗುವುದೂ ಒಂದೇ ತೂಬಿನಲ್ಲಿ ಆಗುವಂತೆ ನೋಡಿಕೊಂಡು, ಆ ತೂಬಿನಲ್ಲಿ ಕೂತು ಲೆಕ್ಕ ಬರೆಯಬೇಕು. ಲೆಕ್ಕದವನು ಎಷ್ಟೇ ಪ್ರಾಮಾಣಿಕನಾಗಿದ್ದರೂ, ಯಾರಾದರೂ ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿದರೆ ಅವನ ಪುಸ್ತಕ ಸುಳ್ಳಾಗುತ್ತದೆ. ಬ್ಯಾಟರಿ ಮೀಟರಿನ ಕಥೆ ಪೂರ್ತಿ ಇಷ್ಟೇ.

ಆ ತೂಬಿನ ಹೆಸರು ಷಂಟ್. ಎರಡು ಹಿತ್ತಾಳೆ ಗಟ್ಟಿಗಳ ನಡುವೆ ಬೆಸೆದ ಲೋಹದ ಪಟ್ಟಿ ಅದು. ಆ ಪಟ್ಟಿ ಸಾಮಾನ್ಯವಾಗಿ ಮ್ಯಾಂಗನಿನ್ ಎಂಬ ಮಿಶ್ರಲೋಹದ್ದು: ತಾಮ್ರ, ಮ್ಯಾಂಗನೀಸ್, ಸ್ವಲ್ಪ ನಿಕಲ್. ಎಡ್ವರ್ಡ್ ವೆಸ್ಟನ್ 1892ರಲ್ಲಿ ರೂಪಿಸಿದ ಈ ಲೋಹದ ಗುಣವೆಂದರೆ ಬಿಸಿಯಾದರೂ ಅದರ ರೆಸಿಸ್ಟೆನ್ಸ್ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಸವದತ್ತಿಯ ಏಪ್ರಿಲ್ ಬಿಸಿಲಿಗೆ ಬೇಯುವ ತಗಡಿನ ಕೋಣೆಯಲ್ಲೂ ಅದು ಅದೇ ಅಳತೆ ಕೊಡುತ್ತದೆ. ನೂರಾ ಮೂವತ್ತು ವರ್ಷ ಹಳೆಯ ಲೋಹ ಇವತ್ತಿನ ಲಿಥಿಯಂ ಬ್ಯಾಟರಿಯ ಲೆಕ್ಕ ಹಿಡಿಯುತ್ತಿದೆ ಎಂಬುದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಷಂಟ್ ಮೇಲೆ ‘500 ಎ, 50 ಎಂವಿ’ ಎಂಬಂಥ ಅಂಕಿ ಕೊರೆದಿರುತ್ತದೆ. 500 ಆ್ಯಂಪಿಯರ್ ಹರಿದಾಗ ಅದರ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ಹುಟ್ಟುತ್ತದೆ ಎಂದರ್ಥ. ಹಾಗಾದರೆ 10 ಆ್ಯಂಪಿಯರಿಗೆ 1 ಮಿಲಿವೋಲ್ಟ್. 12 ವೋಲ್ಟಿನ ಇನ್ವರ್ಟರ್ 500 ವ್ಯಾಟಿನ ಮಿಕ್ಸರ್ ಓಡಿಸುವಾಗ, ಅದರ ನಷ್ಟವನ್ನೂ ಸೇರಿಸಿ, ಬ್ಯಾಟರಿಯಿಂದ 48 ಆ್ಯಂಪಿಯರಿನಷ್ಟು ಎಳೆಯುತ್ತದೆ; ಷಂಟ್ ಮೇಲೆ 5 ಮಿಲಿವೋಲ್ಟಿಗೂ ಕಡಿಮೆ. ಮೀಟರ್ ಓದುತ್ತಿರುವುದು ಇಷ್ಟು ಸೂಕ್ಷ್ಮವಾದ ಅಳತೆಯನ್ನು. ಹೀಗಾಗಿಯೇ ಷಂಟಿಗೆ ದಪ್ಪ ಬೋಲ್ಟು ಬೇರೆ, ಸಣ್ಣ ಸ್ಕ್ರೂ ಬೇರೆ. ದಪ್ಪ ಬೋಲ್ಟಿಗೆ ಬ್ಯಾಟರಿ ಮತ್ತು ಲೋಡಿನ ದಪ್ಪ ವೈರು, ಒಳಗಿನ ಸಣ್ಣ ಸ್ಕ್ರೂಗೆ ಮೀಟರಿನ ಸಣ್ಣ ವೈರು. ಜಾಗ ಸಾಲದೆಂದು ಸಣ್ಣ ವೈರನ್ನೂ ದಪ್ಪ ಬೋಲ್ಟಿನ ಲಗ್ ಅಡಿಗೆ ತೂರಿಸಿದರೆ, ಲಗ್ಗಿನ ಜಂಟಿಯ ರೆಸಿಸ್ಟೆನ್ಸೂ ಅಳತೆಯೊಳಗೆ ಸೇರಿಕೊಂಡು ಮೀಟರ್ ಇದ್ದುದಕ್ಕಿಂತ ಹೆಚ್ಚು ತೋರಿಸತೊಡಗುತ್ತದೆ.

ಇನ್ನು ತಪ್ಪು ಹುಡುಕುವ ಕೆಲಸ. ಮೀಟರಿನ ಪರದೆ ಪೂರ್ತಿ ಕಪ್ಪಾಗಿದ್ದರೆ ಸಂತೋಷಪಡಿ, ಅದು ಎಲ್ಲಕ್ಕಿಂತ ಸುಲಭದ ತೊಂದರೆ. ಷಂಟ್ ಇರುವುದು ಮೈನಸ್ ಬದಿಯಲ್ಲಿ. ಮೀಟರ್ ಬೆಳಗಲು ಪ್ಲಸ್ ಬೇಕು, ಅದಕ್ಕಾಗಿ ಬ್ಯಾಟರಿಯ ಪ್ಲಸ್ಸಿನಿಂದ ಒಂದು ತೆಳ್ಳನೆ ಕೆಂಪು ವೈರು ಬಂದಿರುತ್ತದೆ. ಬ್ಯಾಟರಿ ಬದಲಿಸುವವರ ಕಣ್ಣಿಗೆ ದಪ್ಪ ವೈರುಗಳೇ ಮುಖ್ಯವಾಗಿ ಕಾಣುವುದರಿಂದ ಈ ಕೆಂಪು ಎಳೆ ಬೋಲ್ಟಿನಿಂದ ಕಳಚಿ ಹಿಂದೆ ಬಿದ್ದಿರುತ್ತದೆ. ಬಿದ್ದಿಲ್ಲವೆಂದರೆ ಅದರ ಮಧ್ಯದ ಫ್ಯೂಸ್ ನೋಡಿ. ನೆದರ್ಲೆಂಡ್ಸ್‌ನ ವಿಕ್ಟ್ರಾನ್ ಕಂಪನಿಯ ಬಿಎಂವಿ ಮೀಟರುಗಳಲ್ಲಿ ಅದು ಬರೀ 1 ಆ್ಯಂಪಿಯರಿನದು. ಪಾನಾ ಜಾರಿ ಒಂದು ಕಿಡಿ ಹಾರಿದರೂ ಹೋಗುತ್ತದೆ. ಆ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತಬೇಡಿ. ಬ್ಯಾಟರಿ ನೂರಾರು ಆ್ಯಂಪಿಯರ್ ಸುರಿಯಬಲ್ಲದು, ತೆಳ್ಳನೆ ವೈರು ಅದನ್ನು ತಾಳಲಾರದೆ ಬೆಂಕಿಯಾಗುತ್ತದೆ.

ಮೀಟರಿಗೂ ಷಂಟಿಗೂ ನಡುವೆ ಟೆಲಿಫೋನ್ ವೈರಿನಂಥ ಚಪ್ಪಟೆ ಕೇಬಲ್ ಇರುವ ಮಾದರಿಗಳಲ್ಲಿ ಇನ್ನೊಂದು ಗೊಂದಲವಿದೆ. ಮೀಟರನ್ನು ದೂರದ ಗೋಡೆಗೆ ಸರಿಸಿದಾಗ ಉದ್ದದ ಕೇಬಲ್ ಬೇಕಾಗಿ, ಮನೆಯಲ್ಲಿ ಬಿದ್ದಿದ್ದ ಹಳೆಯ ಫೋನಿನ ವೈರು ಸಿಕ್ಕಿಸುತ್ತಾರೆ. ಅದು ಸಾಕೆಟ್ಟಿಗೆ ಸರಿಯಾಗಿಯೇ ಕೂರುತ್ತದೆ, ಆದರೆ ಫೋನಿನ ವೈರಿನಲ್ಲಿ ಎರಡೋ ನಾಲ್ಕೋ ಎಳೆ, ಮೀಟರಿಗೆ ಬೇಕಾದ್ದು ಆರು. ಪರದೆ ಹತ್ತುವುದೇ ಇಲ್ಲ, ಹತ್ತಿದರೂ ಅರೆಬರೆ ಮಾಹಿತಿ. ಕೆಂಪು ವೈರನ್ನು ಮೇನ್ ಸ್ವಿಚ್ಚಿನ ಆಚೆ ಬದಿಗೆ ಕೊಟ್ಟರೂ ಕಷ್ಟವೇ. ಸ್ವಿಚ್ ಆರಿಸಿದಾಗಲೆಲ್ಲ ಮೀಟರಿಗೆ ಪವರ್ ತಪ್ಪಿ ಅದು ಇಟ್ಟಿದ್ದ ಲೆಕ್ಕ ಅಳಿಸಿಹೋಗಬಹುದು. ಆ ವೈರು ನೇರವಾಗಿ ಬ್ಯಾಟರಿಯ ಪ್ಲಸ್ಸಿಗೇ ಹೋಗಬೇಕು.

ನಿಜವಾದ ಕಾಟ ಕೊಡುವುದು ಪರದೆ ಚೆನ್ನಾಗಿ ಬೆಳಗುತ್ತಾ, ವೋಲ್ಟೇಜ್ ಸರಿಯಾಗಿ ತೋರಿಸುತ್ತಾ, ಕರೆಂಟಿನ ಲೆಕ್ಕದಲ್ಲಿ ಮಾತ್ರ ತಪ್ಪುವ ಮೀಟರ್. ಹೊಸ ಮೀಟರಿಗೆ ದುಡ್ಡು ಸುರಿಯುವುದು ಇಲ್ಲೇ. ಷಂಟಿನ ನಿಯಮ ಒಂದೇ: ಬ್ಯಾಟರಿಯ ಮೈನಸ್ ಬೋಲ್ಟಿನಿಂದ ಒಂದೇ ಒಂದು ದಪ್ಪ ವೈರು ಹೊರಡಬೇಕು, ಅದು ಷಂಟಿನ ಬ್ಯಾಟರಿ ಬದಿಗೆ ಹೋಗಬೇಕು. ಇನ್ವರ್ಟರಿನ ಮೈನಸ್, ಸೋಲಾರ್ ಕಂಟ್ರೋಲರಿನ ಮೈನಸ್, ಡಿಸಿ ದೀಪಗಳ ಮೈನಸ್, ಅರ್ಥಿಂಗ್ ಎಲ್ಲವೂ ಷಂಟಿನ ಇನ್ನೊಂದು ಬದಿಯಲ್ಲಿ, ಅಂದರೆ ಲೋಡ್ ಬದಿಯಲ್ಲಿ, ಸೇರಬೇಕು. ಬ್ಯಾಟರಿಗಳನ್ನು ಒಂದಕ್ಕೊಂದು ಜೋಡಿಸುವ ವೈರು ಬಿಟ್ಟು, ಬ್ಯಾಟರಿಯ ಮೈನಸ್ ಬೋಲ್ಟಿನ ಮೇಲೆ ಎರಡನೆಯ ದಪ್ಪ ವೈರು ಕಂಡಿತೋ, ಅದೇ ತಪ್ಪು.

ಈ ತಪ್ಪು ಯಾಕೆ ಮತ್ತೆಮತ್ತೆ ಆಗುತ್ತದೆಂದರೆ, ಅದು ಕೆಲಸ ಬಲ್ಲವರ ಕೈಯಿಂದಲೇ ಆಗುವಂಥದ್ದು. ಐಟಿಐನ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸು ಮುಗಿಸಿ ಬಂದವರ ಕೈ ಹೆಚ್ಚಾಗಿ ಪಳಗುವುದು ಮನೆಯ ಎಸಿ ವೈರಿಂಗ್‌ನಲ್ಲಿ. ಅಲ್ಲಿ ನ್ಯೂಟ್ರಲ್‌ಗಳನ್ನೆಲ್ಲ ಒಂದು ಲಿಂಕಿಗೆ ತಂದು ಬಿಗಿಯುವುದೇ ಅಚ್ಚುಕಟ್ಟು. ಅದೇ ಅಭ್ಯಾಸದಲ್ಲಿ ಬ್ಯಾಟರಿಯ ಮೈನಸ್ಸುಗಳನ್ನೂ ಒಂದೇ ಬೋಲ್ಟಿಗೆ ತರುತ್ತಾರೆ. ದೀಪ ಹತ್ತುತ್ತದೆ, ಇನ್ವರ್ಟರ್ ಓಡುತ್ತದೆ, ಚಾರ್ಜೂ ಆಗುತ್ತದೆ. ತಪ್ಪು ಕಾಣುವುದು ಮೀಟರಿನಲ್ಲಿ ಮಾತ್ರ, ಅದಕ್ಕೇ ಬೈಗುಳವೂ ಮೀಟರಿಗೇ. ಎಲೆಕ್ಟ್ರಿಷಿಯನ್ನರನ್ನು ದೂರುವುದರಲ್ಲಿ ಅರ್ಥವಿಲ್ಲ. ಆ ಹೊತ್ತಿನಲ್ಲಿ ಅವರಿಗೆ ಷಂಟ್ ತೋರಿಸಿ ‘ಎಲ್ಲಾ ಮೈನಸ್ ಈ ಬದಿಗೆ’ ಎಂದು ಹೇಳುವವರು ಯಾರೂ ಇರುವುದಿಲ್ಲ.

ಯಾವ ವೈರು ದಾರಿ ತಪ್ಪಿದೆ ಎಂಬುದನ್ನು ಮೀಟರಿನ ವರ್ತನೆಯೇ ಹೇಳುತ್ತದೆ. ಸೋಲಾರ್ ಕಂಟ್ರೋಲರಿನ ಮೈನಸ್ ನೇರ ಬ್ಯಾಟರಿಗೆ ಹೋಗಿದ್ದರೆ, ಒಳಗೆ ಬರುವುದು ಮೀಟರಿಗೆ ಕಾಣುವುದಿಲ್ಲ, ಹೊರಗೆ ಹೋಗುವುದು ಮಾತ್ರ ಕಾಣುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲೂ ಚಾರ್ಜಿಂಗ್ ತೋರಿಸದೆ ಪರ್ಸೆಂಟು ದಿನದಿಂದ ದಿನಕ್ಕೆ ಇಳಿದು ಸೊನ್ನೆ ಮುಟ್ಟುತ್ತದೆ. ಬ್ಯಾಟರಿ ಮಾತ್ರ ತುಂಬಿಯೇ ಇರುತ್ತದೆ. ಇದರಿಂದ ಮನೆಯವರಿಗೆ ಗಾಬರಿ, ಬ್ಯಾಟರಿಗೆ ತೊಂದರೆಯಿಲ್ಲ.

ಇದರ ತಿರುಗುಮುರುಗು ಸ್ಥಿತಿ ಅಪಾಯದ್ದು. ಇನ್ವರ್ಟರಿನ ಮೈನಸ್ ನೇರ ಬ್ಯಾಟರಿಗೆ ಹೋಗಿ, ಸೋಲಾರ್ ಮಾತ್ರ ಷಂಟ್ ಮೂಲಕ ಬಂದರೆ, ಮೀಟರಿಗೆ ಕಾಣುವುದೆಲ್ಲ ಜಮೆಯೇ, ಖರ್ಚಿಲ್ಲ. 100 ಪರ್ಸೆಂಟ್ ಎಂಬ ಅಂಕಿ ಅಲುಗುವುದೇ ಇಲ್ಲ. ಮನೆಯವರು ಧೈರ್ಯವಾಗಿ ಟಿವಿ, ಫ್ರಿಜ್ ಓಡಿಸುತ್ತಾರೆ, ಮೋಡ ಕವಿದ ಆಷಾಢದಲ್ಲಿ ಬ್ಯಾಟರಿ ರಾತ್ರಿರಾತ್ರಿ ತಳ ಮುಟ್ಟುತ್ತದೆ. ಲೆಡ್-ಆ್ಯಸಿಡ್ ಬ್ಯಾಟರಿ ಹೀಗೆ ಪದೇ ಪದೇ ಬರಿದಾಗಿ ನಿಂತರೆ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂತು, ಮುಂದೆ ಎಷ್ಟು ಚಾರ್ಜ್ ಮಾಡಿದರೂ ಕರಗದೆ ಉಳಿಯುತ್ತದೆ. ಹಲವು ವರ್ಷ ಬಾಳಬೇಕಾದ ಬ್ಯಾಟರಿ ಬೇಗನೆ ಕೈಬಿಡುವುದು ಹೀಗೆ. ಸೊನ್ನೆ ತೋರಿಸುವ ಮೀಟರಿಗಿಂತ ಸದಾ ನೂರು ತೋರಿಸುವ ಮೀಟರಿಗೆ ಹೆದರಬೇಕು.

ಎರಡು ಬ್ಯಾಟರಿಗಳನ್ನು ಪ್ಯಾರಲಲ್ ಜೋಡಿಸಿದ ಕಡೆ ಮೂರನೆಯ ಬಗೆಯ ತಪ್ಪೊಂದು ಇದೆ, ಪತ್ತೆ ಹಚ್ಚಲು ತುಸು ಕಷ್ಟ. ಮೊದಲ ಬ್ಯಾಟರಿಯ ಮೈನಸ್ ಷಂಟಿನ ಬ್ಯಾಟರಿ ಬದಿಯಲ್ಲಿ, ಹೊಸದಾಗಿ ತಂದ ಎರಡನೆಯದರ ಮೈನಸ್ ಲೋಡ್ ಬದಿಯಲ್ಲಿ. ಆಗ ಮೀಟರಿಗೆ ಒಂದೇ ಬ್ಯಾಟರಿಯ ಪಾಲು ಕಾಣುತ್ತದೆ. ನಿಜವಾದ ಕರೆಂಟಿನ ಹೆಚ್ಚುಕಡಿಮೆ ಅರ್ಧ. ಸಾಲದ್ದಕ್ಕೆ, ಎಲ್ಲ ಆರಿಸಿದಾಗಲೂ ಒಂದು ಬ್ಯಾಟರಿ ಇನ್ನೊಂದಕ್ಕೆ ಹರಿಸುವ ಕರೆಂಟು ಮೀಟರಿನಲ್ಲಿ ಆಡುತ್ತಿರುತ್ತದೆ. ಎರಡೂ ಬ್ಯಾಟರಿಗಳ ಮೈನಸ್ಸುಗಳನ್ನು ಮೊದಲು ತಮ್ಮೊಳಗೆ ಸೇರಿಸಿ, ಆಮೇಲೆ ಒಂದೇ ವೈರಿನಲ್ಲಿ ಷಂಟಿಗೆ ತಂದರೆ ಸರಿಹೋಗುತ್ತದೆ.

ಟ್ರ್ಯಾಕ್ಟರಿನ ಬಗ್ಗೆ ಒಂದು ಮಾತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳ ಜೊತೆ ಟ್ರ್ಯಾಕ್ಟರುಗಳೂ ಹೋಗುತ್ತವೆ, ಟ್ರಾಲಿಯಲ್ಲಿ ದೀಪ, ಧ್ವನಿವರ್ಧಕಕ್ಕೆಂದು ಬೇರೆ ಬ್ಯಾಟರಿ ಇಟ್ಟುಕೊಂಡವರೂ ಇರುತ್ತಾರೆ. ವಾಹನಗಳಲ್ಲಿ ಇಡೀ ಕಬ್ಬಿಣದ ಬಾಡಿಯೇ ಮೈನಸ್ ವೈರಿನ ಕೆಲಸ ಮಾಡುತ್ತದೆ. ಅಲ್ಲಿ ಮೀಟರ್ ಹಾಕುವುದಾದರೆ ಬಾಡಿಗೆ ಬಿಗಿಯುವ ವೈರು ಷಂಟಿನ ಲೋಡ್ ಬದಿಯಿಂದ ಹೋಗಬೇಕು. ಬ್ಯಾಟರಿಯ ಬೋಲ್ಟಿನಿಂದಲೇ ಬಾಡಿಗೆ ಹಳೆಯ ಪಟ್ಟಿ ಉಳಿದಿದ್ದರೆ ಷಂಟ್ ಇದ್ದೂ ಇಲ್ಲದಂತೆ.

ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ಮಲ್ಟಿಮೀಟರಿದ್ದರೆ ಮಿಲಿವೋಲ್ಟಿಗೆ ತಿರುಗಿಸಿ ಷಂಟಿನ ಎರಡು ಸಣ್ಣ ಸ್ಕ್ರೂಗಳ ಮೇಲೆ ಹಿಡಿಯಿರಿ. ಎಲ್ಲವನ್ನೂ ಆರಿಸಿ, ಪ್ಯಾನೆಲ್ ಸ್ವಿಚ್ಚನ್ನೂ ಆಫ್ ಮಾಡಿ: ಸೊನ್ನೆ ಇರಬೇಕು. ಈಗ ಇನ್ವರ್ಟರ್ ಒಂದನ್ನೇ ಚಾಲೂ ಮಾಡಿ ಒಂದು ದೊಡ್ಡ ಲೋಡ್ ಕೊಡಿ. ಮಿಲಿವೋಲ್ಟ್ ಏರಿತೇ? ಏರಿದರೆ ಇನ್ವರ್ಟರಿನ ದಾರಿ ಸರಿಯಿದೆ. ಏರಲಿಲ್ಲವೇ? ಇನ್ವರ್ಟರಿನ ಕಪ್ಪು ವೈರನ್ನು ಕೈಯಿಂದ ಹಿಡಿದು ಕೊನೆಯವರೆಗೂ ಜಾಡು ಹಿಡಿಯಿರಿ, ಅದು ಬ್ಯಾಟರಿ ಬೋಲ್ಟಿಗೆ ಹೋಗಿ ಮುಟ್ಟುವುದು ಕಾಣುತ್ತದೆ. ಇನ್ವರ್ಟರ್ ಆರಿಸಿ, ಬಿಸಿಲಿರುವಾಗ ಸೋಲಾರ್ ಒಂದನ್ನೇ ಚಾಲೂ ಮಾಡಿ: ಈಗ ಅಂಕಿಯ ಚಿಹ್ನೆ ಉಲ್ಟಾ ಆಗಬೇಕು. ಷಂಟಿನಲ್ಲಿ ಮಿಲಿವೋಲ್ಟ್ ಸರಿಯಾಗಿ ಸಿಗುತ್ತಿದ್ದೂ ಮೀಟರ್ ಸೊನ್ನೆ ಎಂದರೆ ಮಾತ್ರ ಸಣ್ಣ ವೈರು ಅಥವಾ ಮೀಟರಿನ ಮೇಲೆ ಅನುಮಾನಪಡಬೇಕು. ಈ ಪರೀಕ್ಷೆ ಮಾಡದೆ ಹೊಸ ಮೀಟರ್ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಲೋಡ್ ಹಾಕಿದಾಗ ಚಾರ್ಜ್, ಬಿಸಿಲು ಬಂದಾಗ ಡಿಸ್ಚಾರ್ಜ್ ತೋರಿಸಿದರೆ ಷಂಟಿನ ಎರಡು ಬದಿ ಅದಲುಬದಲಾಗಿವೆ, ಅಷ್ಟೇ. ಕರೆಂಟಿನ ಅಂಕಿ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಷಂಟನ್ನೇ ನೋಡಿ. ವೈರಿಂಗ್ ಹೊತ್ತಿನಲ್ಲಿ 500 ಎ, 50 ಎಂವಿ ಷಂಟ್ ತೆಗೆದು 100 ಎ, 75 ಎಂವಿ ಷಂಟ್ ಕೂರಿಸಿದ್ದರೆ, ಮೀಟರಿನ ಸೆಟ್ಟಿಂಗ್ ಹಳೆಯದೇ ಉಳಿದಿದ್ದರೆ, ಅದು ನಿಜಕ್ಕಿಂತ ಏಳೂವರೆ ಪಟ್ಟು ತೋರಿಸುತ್ತದೆ. ಒಂದು ಫ್ಯಾನಿಗೆ ಮೋಟರಿನಷ್ಟು ಕರೆಂಟ್ ಬರೆದುಕೊಳ್ಳುವ ಮೀಟರ್ ಕಂಡರೆ ಇದೇ ಕಾರಣ.

ಲಗ್ ಸಡಿಲವಿದ್ದರೂ ಅಂಕಿ ಕುಣಿಯುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಜಂಟಿಯಲ್ಲಿ 5 ಮಿಲಿಓಮ್ ರೆಸಿಸ್ಟೆನ್ಸ್ ಇದ್ದು 50 ಆ್ಯಂಪಿಯರ್ ಹರಿದರೆ ಅಲ್ಲೇ ಕಾಲು ವೋಲ್ಟ್ ಸೋರುತ್ತದೆ, 12 ವ್ಯಾಟಿಗೂ ಹೆಚ್ಚು ಶಾಖ ಆ ಬೋಲ್ಟಿನ ಬುಡದಲ್ಲೇ ಹುಟ್ಟುತ್ತದೆ. ಗಂಟೆಗಟ್ಟಲೆ ಹೀಗೆ ಕಾದರೆ ವೈರಿನ ಮೇಲಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಲಗ್ಗನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ್ದರೆ ಬದಲಿಸಿ. ಸರಿಯಾದ ಕ್ರಿಂಪಿಂಗ್ ಟೂಲಿನಿಂದ ಒತ್ತಿದ ಲಗ್ಗೇ ಬೇಕು.

ವೈರು ಸರಿಯಾಯಿತು, ಕರೆಂಟೂ ಸರಿ ತೋರಿಸುತ್ತಿದೆ, ಪರ್ಸೆಂಟು ಮಾತ್ರ ಸುಳ್ಳು. ಇದು ಸೆಟ್ಟಿಂಗಿನ ಮಾತು. ಮೀಟರಿಗೆ ಬ್ಯಾಟರಿ ಬದಲಾದದ್ದು ತಾನಾಗಿ ತಿಳಿಯುವುದಿಲ್ಲ. 150 ಆ್ಯಂಪಿಯರ್-ಅವರಿನ ಎರಡು ಬ್ಯಾಟರಿಗಳನ್ನು ಪ್ಯಾರಲಲ್ ಹಾಕಿದರೆ 12 ವೋಲ್ಟ್, 300. ಸೀರೀಸ್ ಹಾಕಿದರೆ 24 ವೋಲ್ಟ್, 150. ಈ ಅಂಕಿಯನ್ನು ನಾವೇ ತುಂಬಬೇಕು. ಬ್ಯಾಟರಿ ತುಂಬಿತು ಎಂದು ಮೀಟರ್ ನಿರ್ಧರಿಸುವ ವೋಲ್ಟೇಜನ್ನೂ ಸರಿಮಾಡಬೇಕು. ಬಿಎಂವಿ ಮೀಟರುಗಳಲ್ಲಿ ಕಾರ್ಖಾನೆಯಿಂದ ಬರುವ ಅಂಕಿ 12 ವೋಲ್ಟಿಗೆ 13.2, ಜೊತೆಗೆ ಚಾರ್ಜಿಂಗ್ ಕರೆಂಟು ಬ್ಯಾಟರಿ ಸಾಮರ್ಥ್ಯದ 4 ಪರ್ಸೆಂಟಿಗಿಂತ ಕೆಳಗಿಳಿದು 3 ನಿಮಿಷ ನಿಲ್ಲಬೇಕು. ಎಷ್ಟೋ ಲಿಥಿಯಂ ಬ್ಯಾಟರಿ ಬರೀ ಸುಮ್ಮನೆ ಕೂತರೂ 13.2ರ ಆಸುಪಾಸು ಇರುವುದರಿಂದ, ಆ ಅಂಕಿಯನ್ನು ಬದಲಿಸದಿದ್ದರೆ ಮೀಟರ್ ಅರ್ಧ ತುಂಬಿದಾಗಲೇ ನೂರು ಎಂದು ಘೋಷಿಸಿಬಿಡುತ್ತದೆ. ಚಾರ್ಜರ್ ತಲುಪುವ ಕೊನೆಯ ವೋಲ್ಟೇಜಿಗಿಂತ ತುಸು ಕೆಳಗೆ ಅದನ್ನು ಇಡಬೇಕು.

ಪೊಯ್‌ಕರ್ಟ್ ಎಂಬ ಅಂಕಿಯೂ ಸೆಟ್ಟಿಂಗಿನಲ್ಲಿ ಸಿಗುತ್ತದೆ. ಜರ್ಮನಿಯ ವಿಲ್ಹೆಲ್ಮ್ ಪೊಯ್‌ಕರ್ಟ್ 1897ರಲ್ಲಿ ತೋರಿಸಿಕೊಟ್ಟಂತೆ, ಲೆಡ್-ಆ್ಯಸಿಡ್ ಬ್ಯಾಟರಿಯಿಂದ ಜೋರಾಗಿ ಎಳೆದಷ್ಟೂ ಅದು ಕೊಡುವುದು ಕಡಿಮೆ. ಇನ್ವರ್ಟರ್ ಬ್ಯಾಟರಿಯ ಮೇಲೆ 150 ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 20 ಗಂಟೆಯ ಲೆಕ್ಕ, ಏಳೂವರೆ ಆ್ಯಂಪಿಯರಿನಂತೆ. ಅದೇ ಬ್ಯಾಟರಿಯಿಂದ 50 ಆ್ಯಂಪಿಯರ್ ಎಳೆದರೆ, 1.25ರ ಪೊಯ್‌ಕರ್ಟ್ ಅಂಕಿಯ ಪ್ರಕಾರ ಎರಡು ಗಂಟೆಯೊಳಗೇ ಮುಗಿಯುತ್ತದೆ, ಕೈಗೆ ಬರುವುದು 93 ಆ್ಯಂಪಿಯರ್-ಅವರಿನಷ್ಟು. ಲಿಥಿಯಂಗೆ ಈ ಅಂಕಿ 1.05. ಆ್ಯಸಿಡ್ ಬ್ಯಾಟರಿ ತೆಗೆದು ಲಿಥಿಯಂ ಹಾಕಿಸಿದವರು ಇದನ್ನು ಬದಲಿಸದಿದ್ದರೆ ಮೀಟರ್ ಅವಸರವಾಗಿ ಖಾಲಿ ಎನ್ನುತ್ತಲೇ ಇರುತ್ತದೆ.

ಈ ಅಂಕಿಗಳನ್ನೆಲ್ಲ ತುಂಬಿದ ಮೇಲೆ, ಒಳ್ಳೆಯ ಬಿಸಿಲಿನ ದಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗುವವರೆಗೂ ಕಾದು ಮೀಟರನ್ನು ನೂರಕ್ಕೆ ಸಿಂಕ್ ಮಾಡಿ. ಸೊನ್ನೆ ಕ್ಯಾಲಿಬ್ರೇಷನ್ ಎಂಬ ಇನ್ನೊಂದು ಆಯ್ಕೆಯಿರುತ್ತದೆ, ಅದರ ತಂಟೆಗೆ ಸುಮ್ಮನೆ ಹೋಗಬೇಡಿ. ಒಂದು ಲೋಡ್ ಓಡುತ್ತಿರುವಾಗ ಅದನ್ನು ಒತ್ತಿದರೆ ಮೀಟರ್ ಆ ಲೋಡನ್ನೇ ಸೊನ್ನೆ ಎಂದು ನಂಬಿ, ಅಂದಿನಿಂದ ಪ್ರತಿ ಗಂಟೆಯೂ ಅಷ್ಟು ತಪ್ಪು ಬರೆಯುತ್ತದೆ. ಆ್ಯಸಿಡ್ ಬ್ಯಾಟರಿ ಇದ್ದವರಿಗೆ ಮೀಟರಿನ ಹೊರಗೆ ಇನ್ನೊಂದು ಸಾಕ್ಷಿಯೂ ಇದೆ, ಹೈಡ್ರೋಮೀಟರ್. ಸೆಲ್ಲಿನ ಆ್ಯಸಿಡ್ ಹೀರಿ ನೋಡಿದರೆ ತೇಲುವ ಕಡ್ಡಿ ಸುಳ್ಳು ಹೇಳುವುದಿಲ್ಲ.

ಜಾಗ್ರತೆಯ ಮಾತು ಕೆಲವೇ. ಬ್ಯಾಟರಿ ಬಿಚ್ಚುವ ಮೊದಲು ಸೋಲಾರ್ ಪ್ಯಾನೆಲಿನ ಸ್ವಿಚ್ ಆಫ್ ಮಾಡಿ. ಪ್ಯಾನೆಲ್ ಇದ್ದಂತೆಯೇ ಬ್ಯಾಟರಿ ಕಳಚಿದರೆ ಎಷ್ಟೋ ಕಂಟ್ರೋಲರುಗಳು ಕೆಡುತ್ತವೆ. ಮತ್ತೆ ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನೆಲ್ ಆಮೇಲೆ. ಉಂಗುರ, ಬೆಳ್ಳಿ ಕಡಗ ತೆಗೆದಿಡಿ. ಪಾನಾಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ. ಚಾರ್ಜ್ ಆಗುತ್ತಿರುವ ಆ್ಯಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಬರುವುದರಿಂದ ಕೋಣೆಯ ಕಿಟಕಿ ತೆರೆದಿರಲಿ, ಬೀಡಿ ಹೊರಗಿರಲಿ.

ಮುಂದಿನ ಸಲ ಎಲೆಕ್ಟ್ರಿಷಿಯನ್ ಬಂದಾಗ, ಅವರು ಮೊದಲ ಬೋಲ್ಟಿಗೆ ಪಾನಾ ಹಾಕುವ ಮುಂಚೆ ನಿಮ್ಮ ಮೊಬೈಲಿನಲ್ಲಿ ಬ್ಯಾಟರಿಯ, ಷಂಟಿನ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ ಯಾವ ವೈರು ಎಲ್ಲಿಗೆ ಹೋಗಿದೆ ಎಂಬ ಚಿತ್ರವನ್ನು ಅವರಿಂದಲೇ ಒಂದು ಹಾಳೆಯಲ್ಲಿ ಬರೆಸಿ, ತಾರೀಖು ಹಾಕಿಸಿ, ಬ್ಯಾಟರಿಯ ಮೇಲಿನ ಗೋಡೆಗೆ ಅಂಟಿಸಿ. ದುಡ್ಡು ಕೊಡುವ ಮೊದಲು ಅವರ ಎದುರಿಗೇ ಒಂದು ಲೋಡ್ ಹಾಕಿ ಮೀಟರ್ ನೋಡಿ.